ಕಡುಬು ಅಗಿದು ತಿನ್ನಬೇಕು

ಚಿಕ್ಕಮಗಳೂರಿನ ಬಸವನಹಳ್ಳಿ ರಸ್ತೆಯಿಂದ ಒಳಗೆ ತಿರುಗುವ ಓಣಿಯೊಂದರಲ್ಲಿ ಈ ಮೆಸ್ ಇದೆ. ಹಿಂದೆ ಬೋರ್ಡು ಇತ್ತಂತೆ, ನಾನು ನೋಡಿದಾಗಿನಿಂದ ಅದರ ಕಬ್ಬಿಣದ ಚೌಕಟ್ಟು ಮಾತ್ರ ಇದೆ. ನಮ್ಮ ಬ್ಯಾಂಕಿನವರೆಲ್ಲ ‘ಅಕ್ಕನ ಮನೆ’ ಅಂತೀವಿ. ಮನೆಯೇ ಅದು, ಮುಂದಿನ ಹಜಾರದಲ್ಲಿ ಐದು ಟೇಬಲ್ ಹಾಕಿದ್ದಾರೆ ಅಷ್ಟೆ. ಮೆಟ್ಟಿಲ ಹತ್ತಿರ ಚಪ್ಪಲಿ ರಾಶಿ ಬಿದ್ದಿದ್ದರೆ ಊಟ ಶುರುವಾಗಿದೆ ಅಂತ ಲೆಕ್ಕ.

2009ರಲ್ಲಿ ನನಗೆ ಅರಸೀಕೆರೆಯಿಂದ ಇಲ್ಲಿಗೆ ವರ್ಗವಾಯ್ತು. ನಮ್ಮದು ಮುದ್ದೆ ಮನೆ. ಮೊದಲ ದಿನ ತಟ್ಟೆಗೆ ಬೆಳ್ಳಗೆ ಎರಡು ಉಂಡೆ ಬಂತು, ಪಕ್ಕದ ಬಟ್ಟಲಲ್ಲಿ ಕೋಳಿ ಸಾರು. ಕೈ ತನ್ನ ಪಾಡಿಗೆ ಮುರಿದು, ಸಾರಿಗೆ ಅದ್ದಿ, ಬಾಯಿಗೆ ಹಾಕಿತು. ನಾನು ಸೀದಾ ನುಂಗಿದೆ. ಗಂಟಲಲ್ಲಿ ಕೂತೇಬಿಡ್ತು. ಅಕ್ಕ ನೀರಿನ ಚೊಂಬು ಹಿಡಿದು ಓಡಿ ಬಂದವರು, “ಮೇಡಂ, ಇದು ನಿಮ್ಮ ಕಡೆ ಮುದ್ದೆ ಅಲ್ಲ, ಕಡುಬು. ಅಗೀಬೇಕು!” ಅಂದರು. ಇಡೀ ಹಜಾರ ನಕ್ಕಿತು. ಮಾರನೇ ದಿನವೂ ಹೋದೆ.

ಅಕ್ಕಿ ತರಿಯನ್ನು ಉಪ್ಪು ನೀರಲ್ಲಿ ಬೇಯಿಸಿ, ಕೈ ಸುಡುತ್ತಿರುವಾಗಲೇ ನಾದಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸುತ್ತಾರೆ. ಮೇಲೆ ನುಣ್ಣಗೆ, ಮುರಿದರೆ ಒಳಗೆ ತರಿ ತರಿ. ಆ ತರಿಯೊಳಗೆ ಸಾರು ಇಳಿಯಬೇಕು. ಆರಿದರೆ ಕಲ್ಲು. ಹಾಗಾಗಿ ಎರಡನೇ ಸಲ ಬಡಿಸಲು ಬಂದಾಗ ಸಂಕೋಚ ಬಿಟ್ಟು “ಬಿಸಿದು ಹಾಕಿ” ಅನ್ನಿ.

ಮೆನು ಕಾರ್ಡ್ ಇಲ್ಲ. ಏನಿದೆ ಅಂತ ಕೇಳಿದರೆ ಮಾರ್ಕೆಟ್ಟಿನಲ್ಲಿ ಅವತ್ತು ಏನು ಸಿಕ್ಕಿತು ಅಂತ ಉತ್ತರ ಬರುತ್ತೆ. ಮಳೆ ಹಿಡಿದ ಮೇಲೆ ಪತ್ರೊಡೆ, ಅಣಬೆ, ಒಮ್ಮೊಮ್ಮೆ ಏಡಿ ಸಾರು. ಪತ್ರೊಡೆಗೆ ಹುಣಸೆಹುಳಿ ಸರಿಯಾಗಿ ಬೀಳದಿದ್ದರೆ ಕೆಸುವಿನೆಲೆ ಗಂಟಲು ಕೆರೆಯುತ್ತೆ. ಇಷ್ಟು ವರ್ಷದಲ್ಲಿ ಇಲ್ಲಿ ಒಂದು ಸಲವೂ ಕೆರೆದಿಲ್ಲ. ಆದರೆ ನಾನು ಕಾಯೋದು ಕಳಲೆಗೆ. ಎಳೆ ಬಿದಿರನ್ನು ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸುತ್ತಾ ಮೂರು ದಿನ ಇಡಬೇಕು, ಅದರ ವಿಷ ಹೋಗಬೇಕಲ್ಲ. ಹೋದ ವರ್ಷ ಜುಲೈನಲ್ಲಿ ಮುಳ್ಳಯ್ಯನಗಿರಿ ನೋಡಿಕೊಂಡು ಬಂದ ಹುಡುಗರ ಗುಂಪೊಂದು ಮೂಲೆಯ ಬಕೆಟ್ ನೋಡಿ, ಅದನ್ನೇ ಮಾಡಿಕೊಡಿ, ಎಷ್ಟಾದರೂ ಕೊಡ್ತೀವಿ ಅಂತ ಪಟ್ಟು ಹಿಡಿಯಿತು. ಅಕ್ಕ ಸೌಟು ಕೆಳಗಿಡದೆ, “ಇನ್ನೊಂದು ನೀರು ಬಾಕಿ ಇದೆ ಕಣ್ರಪ್ಪಾ, ನಾಳೆ ಬನ್ನಿ” ಅಂದರು. ನಾಳೆ ಅವರೆಲ್ಲಿ ಬರ್ತಾರೆ! ನಾನು ಹೋದೆ. ಕಾಯಿ, ಒಣಮೆಣಸು ರುಬ್ಬಿ ಹಾಕಿದ ಪಲ್ಯ, ಜೊತೆಗೆ ಅಕ್ಕಿ ರೊಟ್ಟಿ. ಕಳಲೆ ಕರುಕ್ ಅನ್ನುತ್ತಿತ್ತು, ಒಂದು ಚೂರೂ ಕಹಿ ಇಲ್ಲ.

ನನ್ನ ಮಗಳಿಗೆ ಕೊರಿಯನ್ ಸೀರಿಯಲ್ ಹುಚ್ಚು. ಅಲ್ಲಿ ಅನ್ನದ ಸುತ್ತ ಪುಟ್ಟ ಪುಟ್ಟ ಬಟ್ಟಲಲ್ಲಿ ಸೊಪ್ಪು, ಕಾಳು, ಕಿಮ್ಚಿ ಇಡ್ತಾರೆ, ಅದಕ್ಕೆ ಬಾಂಚಾನ್ ಅಂತಾರೆ, ಖಾಲಿಯಾದರೆ ದುಡ್ಡು ಕೇಳದೆ ತುಂಬಿಸ್ತಾರೆ ಅಂತ ಇಲ್ಲೇ ಕೂತು ಪಾಠ ಮಾಡಿದಳು. ಅವಳ ಮಾತು ಮುಗಿಯೋದರೊಳಗೆ ಅಕ್ಕ ಕೇಳದೆಯೇ ಗೊಜ್ಜು, ಪಲ್ಯ ಎರಡನೇ ಸುತ್ತು ಬಡಿಸಿ ಹೋಗಿದ್ದರು. ಮಿಡಿ ಉಪ್ಪಿನಕಾಯಿ ಮಾತ್ರ ಎರಡನೇ ಸಲ ಕೇಳಬೇಡಿ, ಮುಖ ಗಂಟಾಗುತ್ತೆ.

ದೂರುಗಳಿಗೇನೂ ಕಮ್ಮಿ ಇಲ್ಲ. ಅಕ್ಕನಿಗೆ ಮಂಡಿ ನೋವು ಶುರುವಾದ ಮೇಲೆ ರೊಟ್ಟಿ ಸೊಸೆಯ ಕೈಗೆ ಹೋಗಿದೆ. ಹುಡುಗಿ ಸಾರು ಚೆನ್ನಾಗಿ ಮಾಡ್ತಾಳೆ, ರೊಟ್ಟಿ ಮಾತ್ರ ದಪ್ಪ, ಅಂಚು ಹಸಿ ಹಸಿ. ಮೊದಲು ರೊಟ್ಟಿ ಕೆಂಡದ ಮೇಲೆ ಉಬ್ಬುತ್ತಿತ್ತು, ಈಗ ಗ್ಯಾಸ್ ಒಲೆ. ಕೈ ತೊಳೆಯುವ ನಲ್ಲಿ ಅಂಗಳದಲ್ಲಿದೆ, ಮಳೆಯಲ್ಲಿ ಕೈ ತೊಳೆಯೋಕೆ ಹೋದರೆ ತಲೆಯೂ ತೊಳೆಯುತ್ತೆ. ಶನಿವಾರ ಪ್ರವಾಸಿಗಳ ನೂಕುನುಗ್ಗಲಲ್ಲಿ ಸಾರು ನೀರಾಗೋದನ್ನು ಎರಡು ಸಲ ಕಂಡಿದ್ದೀನಿ. ಇನ್ನು ಕಾಫಿ. ಸುತ್ತ ಎಲ್ಲಿ ನೋಡಿದರೂ ಕಾಫಿ ತೋಟ ಇರುವ ಊರಲ್ಲಿ ಇಷ್ಟು ಚಿಕೋರಿ ಸುರಿದು ಕಾಫಿ ಮಾಡೋಕೆ ಧೈರ್ಯ ಬೇಕು. ಊಟ ಮುಗಿಸಿ ಬೇರೆ ಕಡೆ ಕುಡಿಯಿರಿ.

ನಾನು ಬಂದ ಹೊಸದರಲ್ಲಿ ಊಟಕ್ಕೆ 25 ರೂಪಾಯಿ ಇತ್ತು. ಈಗ ಸಸ್ಯಾಹಾರಿ ಊಟ 90, ಕಡುಬು ಕೋಳಿ ಸಾರು 170. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಮಾತ್ರ, ಭಾನುವಾರ ರಜ. ಒಂದೂವರೆಗೆ ನಮ್ಮ ಬ್ಯಾಂಕಿನವರು, ಕೋರ್ಟಿನ ಗುಮಾಸ್ತರು ಎಲ್ಲ ಒಟ್ಟಿಗೆ ನುಗ್ತೀವಿ, ಅದಕ್ಕೆ ಮುಂಚೆ ಹೋಗಿ. ಕಾರು ಓಣಿಗೆ ತರಬೇಡಿ, ತಿರುಗಿಸೋಕೆ ಜಾಗ ಇಲ್ಲ. ಕಳಲೆ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ ಅನ್ನೋಣ ಅಂದರೆ, ಒಲೆ ಮುಂದೆ ಇದ್ದಾಗ ಅಕ್ಕ ಫೋನ್ ಎತ್ತಲ್ಲ. ಒಳಗೆ ಹೋದ ತಕ್ಷಣ ಮೂಲೆಯ ಬಕೆಟ್ ನೋಡಿ.