ಟ್ರಿಪ್ ಆಗುತ್ತೆ ಅಂತ ಆರ್‌ಸಿಸಿಬಿ ತೆಗೆಸಬೇಡಿ

ಕಳೆದ ವರ್ಷ ಪುನರ್ವಸು ಮಳೆ ಹೊಯ್ಯುತ್ತಿದ್ದ ಹೊತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ದಿನಾ ಸಂಜೆ ಕರೆಂಟ್ ಹೋಗುತ್ತಿತ್ತು. ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದ್ದರೂ ನಮ್ಮಲ್ಲಿ ಕತ್ತಲೆ. ನೋಡಿದರೆ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಬೀಳುವ ಸುರಕ್ಷತಾ ಸ್ವಿಚ್ಚಾದ ಆರ್‌ಸಿಸಿಬಿ ಕೆಳಗೆ ಬಿದ್ದಿರುತ್ತಿತ್ತು. ಎತ್ತಿದರೆ ಕೆಲವು ಸಲ ನಿಲ್ಲುತ್ತಿತ್ತು, ಕೆಲವು ಸಲ ಟಪ್ ಅಂತ ಮತ್ತೆ ಬೀಳುತ್ತಿತ್ತು.

ಒಬ್ಬ ಎಲೆಕ್ಟ್ರಿಷಿಯನ್‌ನ ಕರೆಸಿದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. "ಮಳೆಗಾಲದಲ್ಲಿ ಇದು ಹೀಗೇ ಸರ್, ಇನ್ನು ಬೀಳಲ್ಲ" ಅಂದ. ನಿಜ, ಆಮೇಲೆ ಒಂದು ಸಲವೂ ಬೀಳಲಿಲ್ಲ. ಏನು ಮಾಡಿದೆ ಅಂತ ನಾನು ಕೇಳಲಿಲ್ಲ. ಅದೇ ನನ್ನ ದೊಡ್ಡ ತಪ್ಪು.

ಎಂಟು ದಿನ ಕಳೆದಿರಬೇಕು. ಬೆಳಗಿನ ಜಾವ ಅಮ್ಮ ಹಾಲು ತರಲು ಬರಿಗಾಲಲ್ಲಿ ಹೋಗಿ ಗೇಟಿನ ಚಿಲಕಕ್ಕೆ ಕೈ ಹಾಕಿದರು. ಕೂಗಿದ್ದು ಕೇಳಿ ಓಡಿದರೆ ಕೆಸರಿನಲ್ಲಿ ಕೂತಿದ್ದರು, ಬಲಗೈ ನಡುಗುತ್ತಿತ್ತು. ಬೆರಳು ಬರೀ ತಾಗಿತ್ತು, ಅದಕ್ಕೇ ಕೈ ಕಿತ್ತುಕೊಂಡು ಬಂತು. ಚಿಲಕವನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ ಬಿಡಿಸಿಕೊಳ್ಳಲು ಆಗುತ್ತಿತ್ತೋ ಇಲ್ಲವೋ. ಗೇಟಿನ ಕಂಬದ ಮೇಲಿನ ಲೈಟ್ ಇನ್ನೂ ಉರಿಯುತ್ತಿತ್ತು.

ಮೇನ್ ಆಫ್ ಮಾಡಿ, ಅಮ್ಮನನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದು, ಲೈಸೆನ್ಸ್ ಇರುವ ಬೇರೊಬ್ಬರನ್ನು ಕರೆಸಿದೆ. ಅವರು ಬೋರ್ಡಿನ ಮುಚ್ಚಳ ತೆಗೆದು ತೋರಿಸಿದರು. ಆರ್‌ಸಿಸಿಬಿಗೆ ಬರುತ್ತಿದ್ದ ವೈರ್‌ಗಳನ್ನು ಬಿಚ್ಚಿ, ಹೊರಗೇ ನೇರ ಜೋಡಿಸಿ ಟೇಪ್ ಸುತ್ತಿತ್ತು. ಮೇಲಿಂದ ನೋಡಿದರೆ ಸ್ವಿಚ್ ಮೇಲಕ್ಕೇ ಇತ್ತು, ಎಲ್ಲ ಸರಿ ಇದ್ದ ಹಾಗೆ. ಒಳಗೆ ಅದಕ್ಕೆ ಕರೆಂಟೇ ಇರಲಿಲ್ಲ.

ಮೂಲ ತೊಂದರೆ ಗೇಟಿನ ಲೈಟಿನಲ್ಲಿತ್ತು. ವೈರ್ ಕಬ್ಬಿಣದ ಪೈಪಿನೊಳಗೆ ಹೋಗುವ ಕಡೆ ರಬ್ಬರ್ ಬುಷ್ ಹಾಕಿರಲಿಲ್ಲ. ಗಾಳಿಗೆ ಅಲ್ಲಾಡಿ ಅಲ್ಲಾಡಿ ಪೈಪಿನ ಅಂಚಿಗೆ ಉಜ್ಜಿ ಸಿಪ್ಪೆ ಹರಿದಿತ್ತು. ಉಗುರಿನಷ್ಟು ತಾಮ್ರ ಕಾಣುತ್ತಿತ್ತು, ಸುತ್ತ ಹಸಿರು ಕಿಲುಬು. ಆ ಪೈಪನ್ನು ಗೇಟಿನ ಚೌಕಟ್ಟಿಗೇ ವೆಲ್ಡ್ ಮಾಡಿತ್ತು. ಅರ್ಥಿಂಗ್ ಇರಲಿಲ್ಲ. ಸಂಜೆ ಆ ಲೈಟ್ ಹಾಕಿದಾಗಲೇ ಟ್ರಿಪ್ ಆಗುತ್ತಿತ್ತು, ಆದರೆ ಅದೇ ಹೊತ್ತಿಗೆ ಟಿವಿ, ಅಡುಗೆಮನೆ, ದೇವರ ಮನೆ ಎಲ್ಲ ಕಡೆ ಸ್ವಿಚ್ ಹಾಕುತ್ತೇವಲ್ವಾ, ಯಾರಿಗೂ ಹೊಳೆಯಲಿಲ್ಲ.

ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ಅಥವಾ ಶಾರ್ಟ್ ಆದರೆ ಬೀಳುವ ಸ್ವಿಚ್, ಯಾಕೆ ಬೀಳಲಿಲ್ಲ ಅಂತ ಕೇಳಿದೆ. ಲೈಟಿನ ಎಂಸಿಬಿ 6 ಆಂಪಿಯರಿನದು. ಅದು ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಮೈಯಲ್ಲಿ ಹರಿದು ಜೀವ ತೆಗೆಯುವ ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಮನೆಯ ಆರ್‌ಸಿಸಿಬಿ ಮಾತ್ರ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುತ್ತದೆ. ಹಾಗಂತ ಎಂಸಿಬಿ ಪದೇ ಪದೇ ಬಿದ್ದರೆ 6ರ ಜಾಗಕ್ಕೆ 32 ಹಾಕಿಸುವುದೂ ಬೇಡ. ಲೈಟಿಗೆ ಎಳೆದಿರುವುದು ಸಾಮಾನ್ಯವಾಗಿ 1 ಅಥವಾ 1.5 ಚದರ ಮಿಲಿಮೀಟರ್ ವೈರ್. ಎಂಸಿಬಿ ಬೀಳುವ ಮೊದಲೇ ಗೋಡೆಯೊಳಗೆ ಆ ವೈರ್ ಸುಟ್ಟಿರುತ್ತದೆ.

ನಿಮ್ಮನೆಯಲ್ಲೂ ಹೀಗೆ ಆಗುತ್ತಿದ್ದರೆ, ಏನನ್ನೂ ಬಿಚ್ಚದೆ ಇಷ್ಟು ನೋಡಬಹುದು. ಒಣ ಕೈ, ಕಾಲಿಗೆ ಚಪ್ಪಲಿ ಇರಲಿ. ಎಲ್ಲ ಎಂಸಿಬಿ ಕೆಳಗೆ ಮಾಡಿ ಆರ್‌ಸಿಸಿಬಿ ಎತ್ತಿ. ಆಮೇಲೆ ಎಂಸಿಬಿಗಳನ್ನು ಒಂದೊಂದೇ ಎತ್ತುತ್ತಾ ಬನ್ನಿ. ಯಾವುದಕ್ಕೆ ಬಿತ್ತೋ ಆ ಸರ್ಕ್ಯೂಟಿನ ಸ್ವಿಚ್‌ಗಳನ್ನೆಲ್ಲ ಆರಿಸಿ, ಒಂದೊಂದೇ ಹಾಕಿ ನೋಡಿ. ಮಳೆಗಾಲದಲ್ಲಿ ಗೇಟು, ತಾರಸಿ, ಬಚ್ಚಲಿನ ಲೈಟ್‌ಗಳ ಮೇಲೆ ಮೊದಲು ಅನುಮಾನ ಇರಲಿ. ಸ್ವಿಚ್ ಎಲ್ಲ ಆಫ್ ಇದ್ದರೂ ಬೀಳುತ್ತಿದ್ದರೆ ವೈರಿನಲ್ಲೋ ನ್ಯೂಟ್ರಲ್‌ನಲ್ಲೋ ತೊಂದರೆ, ಅದನ್ನು ಮೆಗ್ಗರ್ (ವೈರಿನ ಸಿಪ್ಪೆ ಸರಿ ಇದೆಯೇ ಅಂತ ಅಳೆಯುವ ಮೀಟರ್) ಇಟ್ಟೇ ನೋಡಬೇಕು. ಆ ಎಂಸಿಬಿಯನ್ನು ಕೆಳಗೇ ಬಿಟ್ಟು ಗೊತ್ತಿರುವವರನ್ನು ಕರೆಸಿ.

ಕೆಲಸ ಮಾಡಿದವರು ಹೊರಡುವ ಮುಂಚೆ ಅವರ ಎದುರಿಗೇ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಅದು ಬಿದ್ದು ಅದರ ಕೆಳಗಿನ ಲೈಟ್ ಎಲ್ಲ ಆರಬೇಕು. ಆರದಿದ್ದರೆ ದುಡ್ಡು ಕೊಡಬೇಡಿ. ನಮ್ಮಲ್ಲಿ ಕೊನೆಗೆ ಬೇಕಾದದ್ದು ಒಂದು ರಬ್ಬರ್ ಬುಷ್, ಒಂದಷ್ಟು ಹೊಸ ವೈರ್ ಮತ್ತು ಗೇಟಿಗೊಂದು ಅರ್ಥಿಂಗ್, ಅಷ್ಟೇ.