ಒಮ್ಮೊಮ್ಮೆ ಸ್ಟಾರ್ಟ್ ಆಗದ ಕಾರು ಮತ್ತು ಮೈಸೂರಿನ ಒಂದು ಗ್ಯಾರೇಜ್

ಒಮ್ಮೆ ಕೀ ತಿರುಗಿಸಿದೊಡನೆ ಸ್ಟಾರ್ಟ್ ಆಗುತ್ತಿದ್ದ, ಮತ್ತೊಮ್ಮೆ ‘ಟಕ್’ ಎಂದು ಸುಮ್ಮನಾಗುತ್ತಿದ್ದ ನಮ್ಮ ಹಳೆಯ ಪೆಟ್ರೋಲ್ ಕಾರಿಗೆ ಬೇರೆಡೆ ಹೊಸ ಬ್ಯಾಟರಿ ಹಾಕಿಸಿದ್ದರೂ ತೊಂದರೆ ಹೋಗಿರಲಿಲ್ಲ. ಮೈಸೂರಿನ ಈ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್ ಯಾವ ಬಿಡಿಭಾಗವನ್ನೂ ಬದಲಿಸುವ ಮಾತೆತ್ತದೆ ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದರು. ಬ್ಯಾಟರಿಯಲ್ಲಿ 12.6 ವೋಲ್ಟ್ ಸರಿಯಾಗಿಯೇ ಇತ್ತು. ಆದರೆ ಸಹಾಯಕ ಕೀ ತಿರುಗಿಸುತ್ತಿದ್ದಾಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ಎಂಜಿನ್ನಿನ ಲೋಹಕ್ಕೂ ನಡುವೆ ಅಳೆದರೆ, ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದ ಕಡೆ 2 ವೋಲ್ಟ್ ತೋರಿಸಿತು. ಅಂದರೆ ಆ ನಡುವೆ ಕರೆಂಟ್ ಹರಿಯಲು ಅಡ್ಡಿಯಿತ್ತು. ನೆಗೆಟಿವ್ ಟರ್ಮಿನಲನ್ನು ಎಂಜಿನ್ನಿಗೆ ಜೋಡಿಸುವ ಅರ್ಥಿಂಗ್ ವೈರಿನ ಬೋಲ್ಟಿನಡಿ ತುಕ್ಕು ಹಿಡಿದಿತ್ತು. ಅದನ್ನು ಎಮರಿ ಪೇಪರಿನಿಂದ ಉಜ್ಜಿ, ಹೊಸ ವೈರ್ ಬಿಗಿದು, ಮತ್ತೆ ಅಳೆದು ತೋರಿಸಿದರು. ಕಾರಣ ಪತ್ತೆಯಾದ ಮೇಲಷ್ಟೇ ಕೈಹಾಕುವ ಈ ಶಿಸ್ತು ನನಗೆ ಬಹಳ ಹಿಡಿಸಿತು. ಬಿಲ್ ಮಾತ್ರ ಕೇಳಿಯೇ ಪಡೆಯಬೇಕು. ಸಂಜೆ ಜನ ಹೆಚ್ಚಿರುವುದರಿಂದ ಬೆಳಗ್ಗೆಯೇ ಹೋಗುವುದು ಒಳ್ಳೆಯದು.