ಹಸಿರು ನೀರಿಗೆ ಕಂಬಳಿಯೋ, ಔಷಧಿಯೋ, ಯುವಿ ದೀಪವೋ?

ಮೊದಲೇ ಹೇಳಿಬಿಡುತ್ತೇನೆ, ಮೀನಿನ ಟ್ಯಾಂಕಿನ ನೀರು ಹಸಿರಾದರೆ ನಾನು ಯುವಿ (ಅತಿನೇರಳೆ ಕಿರಣದ) ದೀಪದ ಪಕ್ಷ. ನಮ್ಮದು ಎರಡಡಿ ಟ್ಯಾಂಕ್, ಸುಮಾರು 70 ಲೀಟರ್ ನೀರು, ಗಪ್ಪಿ ಮತ್ತು ಮಾಲಿ ಮೀನುಗಳು. 2024ರ ಶಿವರಾತ್ರಿ ಕಳೆದ ವಾರದಲ್ಲೇ ನೀರು ಪಾಲಕ್ ರುಬ್ಬಿ ಹಾಕಿದ ಹಾಗೆ ಆಗಿಬಿಟ್ಟಿತು. ಮೀನುಗಳು ಗಾಜಿನ ಹತ್ತಿರ ಬಂದರೆ ಮಾತ್ರ ಕಾಣುತ್ತಿದ್ದವು. ಈಗ ಅದೇ ಟ್ಯಾಂಕಿನ ನೀರಿನ ಮೂಲಕ ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖು ಓದಬಹುದು.

ಇದು ಗಾಜಿಗೆ ಅಂಟುವ ಪಾಚಿ ಅಲ್ಲ. ನೀರಿನಲ್ಲೇ ತೇಲುವ, ಒಂದೊಂದೇ ಕೋಶದ ಪಾಚಿ. ಎಷ್ಟು ಸಣ್ಣದೆಂದರೆ ಸ್ಪಂಜ್ ಫಿಲ್ಟರ್ ಒಳಗಿಂದ ಸಲೀಸಾಗಿ ದಾಟಿಹೋಗುತ್ತದೆ. ಸಕ್ಕರ್ ಮೀನು ತಂದು ಬಿಡಿ ಎಂದು ಹೇಳುವವರಿದ್ದಾರೆ. ಅದು ಗಾಜು, ಕಲ್ಲು ಕೆರೆದು ತಿನ್ನುವ ಮೀನು, ತೇಲುವ ಪಾಚಿಯನ್ನು ಏನೂ ಮಾಡಲಾರದು. ಗಾಜಿನ ಲೋಟದಲ್ಲಿ ನೀರು ತುಂಬಿ ರಾತ್ರಿಯಿಡೀ ಬಿಡಿ. ಬೆಳಗ್ಗೆಯೂ ಹಸಿರಾಗಿಯೇ ಇದ್ದರೆ ಇದೇ ತೊಂದರೆ. ಹಾಲಿನ ಥರ ಬೆಳ್ಳಗಿದ್ದರೆ ಅದು ಬ್ಯಾಕ್ಟೀರಿಯಾ, ಅದರ ದಾರಿಯೇ ಬೇರೆ.

ನೀರು ಬದಲಿಸುವುದನ್ನೇ ಮೊದಲು ಮಾಡಿದೆ, ಎಲ್ಲರೂ ಹಾಗೇ ಅಲ್ವಾ? ಅರ್ಧ ಟ್ಯಾಂಕ್ ಖಾಲಿ ಮಾಡಿ ತುಂಬಿದರೆ ಹಸಿರು ಅರ್ಧಕ್ಕೆ ಇಳಿಯುತ್ತದೆ. ಮೂರನೇ ದಿನಕ್ಕೆ ಮತ್ತೆ ಅಷ್ಟೇ. ಅದೂ ಎಂಥ ಹೊತ್ತಿನಲ್ಲಿ! ಆ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಟ್ಯಾಂಕರ್‌ಗೆ ಕಾಯುವ ಬೀದಿಯಲ್ಲಿ ಬಕೆಟ್‌ಗಟ್ಟಲೆ ನೀರು ಹೊರಗೆ ಚೆಲ್ಲಲು ನನಗೆ ಮನಸ್ಸೇ ಬರಲಿಲ್ಲ. ತೆಗೆದ ನೀರನ್ನೆಲ್ಲ ಗಿಡಗಳಿಗೆ ಹಾಕಿದೆ, ಅಷ್ಟೇ ಸಮಾಧಾನ.

ಆಮೇಲೆ ಅಂಗಡಿಯಿಂದ ಪಾಚಿ ಸಾಯಿಸುವ ಔಷಧಿ ತಂದೆ, 180 ರೂಪಾಯಿ. ಬಾಟಲಿಯ ಮೇಲೆ ಬರೆದ ಅಳತೆಯಲ್ಲೇ ಹಾಕಿದೆ. ಮರುದಿನ ಬೆಳಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಷ್ಟೂ ಪಾಚಿ ಒಂದೇ ಸಲ ಸತ್ತು ಕೊಳೆತರೆ ನೀರಿನ ಆಮ್ಲಜನಕ ಮುಗಿದುಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಎರಡು ಮಾಲಿ ಸತ್ತವು. ಅದರಲ್ಲೊಂದು ಮಗಳು ಹೆಸರಿಟ್ಟು ಸಾಕಿದ್ದು. ಇಂಥ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ, ಸಿಗಡಿ, ಬಸವನಹುಳು ಸಾಕಿದವರಂತೂ ಮುಟ್ಟಲೇಬಾರದು. ನಾನು ಮತ್ತೆ ತರುವುದಿಲ್ಲ.

ಕಂಬಳಿ ಒಳ್ಳೆಯ ಉಪಾಯ, ಖರ್ಚೂ ಇಲ್ಲ. ಟ್ಯಾಂಕಿನ ಲೈಟ್ ಆರಿಸಿ, ನಾಲ್ಕೂ ಕಡೆ ಮತ್ತು ಮೇಲೆ ದಪ್ಪ ಬಟ್ಟೆ ಮುಚ್ಚಿ ಮೂರು ನಾಲ್ಕು ದಿನ ಪೂರ್ತಿ ಕತ್ತಲೆ ಮಾಡುವುದು. ಏರ್ ಪಂಪ್ ನಿಲ್ಲಿಸಬಾರದು. ಆರೋಗ್ಯವಾಗಿರುವ ದೊಡ್ಡ ಮೀನುಗಳಿಗೆ ಅಷ್ಟು ದಿನ ಊಟ ಹಾಕದಿದ್ದರೂ ಏನೂ ಆಗುವುದಿಲ್ಲ. ಕೊನೆಗೆ ಅರ್ಧ ನೀರು ಬದಲಿಸಬೇಕು. ನಮ್ಮಲ್ಲೂ ನೀರು ತಿಳಿಯಾಯಿತು. ಆದರೆ ಹನ್ನೆರಡೇ ದಿನಕ್ಕೆ ಹಸಿರು ವಾಪಸ್. ಪೂರ್ವದ ಕಿಟಕಿಯ ಬಿಸಿಲು, ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಉರಿಯುವ ಲೈಟು, ದಿನಕ್ಕೆ ಮೂರು ಸಲ ಊಟ, ಯಾವುದನ್ನೂ ನಾನು ಬದಲಿಸಿರಲಿಲ್ಲ. ಎರಡನೇ ಸಲ ಮುಚ್ಚಿದಾಗ ಮೀನು ಹೇಗಿವೆಯೋ ಎಂದು ಮಗಳು ಗಂಟೆಗೊಮ್ಮೆ ಕಂಬಳಿ ಎತ್ತುತ್ತಿದ್ದಳು. ಅವಳನ್ನು ಬೈಯಲು ನನಗೆ ಆಗಲಿಲ್ಲ. ನಡುಮನೆಯಲ್ಲಿರುವ ಟ್ಯಾಂಕಿಗೆ ಪೂರ್ತಿ ಕತ್ತಲೆ ಕೊಡುವುದು ನಮ್ಮಂಥ ಮನೆಯಲ್ಲಿ ಕಷ್ಟ.

ಕೊನೆಗೆ 1,450 ರೂಪಾಯಿ ಕೊಟ್ಟು ನೀರೊಳಗೇ ಮುಳುಗಿಸುವ 5 ವಾಟ್‌ನ ಯುವಿ ಪಂಪ್ ತಂದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ದೀಪ, ದೀಪದ ಸುತ್ತ ಕ್ವಾರ್ಟ್ಜ್ ಗಾಜಿನ ಕೊಳವೆ. ಪಂಪ್ ಎಳೆದ ನೀರು ಅದನ್ನು ಸವರಿಕೊಂಡು ಹೋಗುವಾಗ ಪಾಚಿಯ ಕೋಶಗಳು ಹಾಳಾಗುತ್ತವೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ತೊಂದರೆ ಇಲ್ಲ, ಅವು ನೀರಲ್ಲಿ ತೇಲುವುದಿಲ್ಲವಲ್ಲ. ಮೊದಲ ದಿನ ಏನೂ ಕಾಣಲಿಲ್ಲ. ಮೂರನೇ ದಿನ ಹಿಂದಿನ ಗಿಡಗಳು ಕಂಡವು. ಐದನೇ ದಿನ ಬೆಳಗ್ಗೆ ಲೈಟ್ ಹಾಕಿ ಸುಮ್ನೆ ನೋಡುತ್ತಾ ನಿಂತುಬಿಟ್ಟೆ. ನೀರೇ ಇಲ್ಲವೇನೋ ಅನ್ನುವ ಹಾಗಿತ್ತು.

ಆದರೆ ಇದರಲ್ಲೂ ಒಂದು ಕಿರಿಕಿರಿ ಇದೆ. ಬೋರ್ ನೀರು ಬಳಸುವವರು ಇದನ್ನು ಓದಲೇಬೇಕು.

ಆಗಸ್ಟ್‌ನಲ್ಲಿ ನೀರು ಮತ್ತೆ ತಿಳಿ ಹಸಿರಾಗತೊಡಗಿತು. ಡಬ್ಬಿಯ ಸಣ್ಣ ಕಿಂಡಿಯಲ್ಲಿ ನೀಲಿ ಬೆಳಕು ಕಾಣುತ್ತಿದೆ, ಪಂಪೂ ಓಡುತ್ತಿದೆ. ದೀಪ ಹಳೆಯದಾಗಿರಬೇಕು ಎಂದು 450 ರೂಪಾಯಿಗೆ ಹೊಸದು ತಂದು ಹಾಕಿದೆ. ಒಂದು ವಾರವಾದರೂ ಏನೂ ಬದಲಾಗಲಿಲ್ಲ. ಆಮೇಲೆ ಪೂರ್ತಿ ಬಿಚ್ಚಿ ನೋಡಿದರೆ ಗಾಜಿನ ಕೊಳವೆಯ ಮೇಲೆ ಬಿಳಿ ಪೊರೆ, ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ ಥರ. ನಮ್ಮ ಬೀದಿಗೆ ಕಾವೇರಿ ನೀರು ವಾರಕ್ಕೆರಡು ದಿನ, ಉಳಿದಂತೆ ಬೋರ್. ಅದರ ಸುಣ್ಣ ಬಿಸಿಯಾದ ಕೊಳವೆಗೆ ಅಂಟುತ್ತಾ ಹೋಗಿತ್ತು. ಕಣ್ಣಿಗೆ ಕಾಣುವ ನೀಲಿ ಬೆಳಕು ಹೊರಗೆ ಬರುತ್ತದೆ, ಪಾಚಿ ಕೊಲ್ಲುವ ಕಿರಣ ಮಾತ್ರ ಪೊರೆಯಲ್ಲೇ ತಡೆಯುತ್ತದೆ. ಹಳೆಯ ದೀಪ ಚೆನ್ನಾಗಿಯೇ ಇತ್ತು.

ಸ್ಕ್ರಬ್ಬರ್‌ನಿಂದ ಉಜ್ಜಬೇಡಿ, ಗಾಜಿಗೆ ಗೀರು ಬೀಳುತ್ತದೆ. ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಬಿಡುತ್ತದೆ, ನಿಂಬೆರಸವೂ ಆಗುತ್ತದೆ. ತಿರುಗಿ ಜೋಡಿಸುವಾಗ ಕೊಳವೆಯ ಬುಡದ ರಬ್ಬರ್ ರಿಂಗ್ ಸರಿಯಾಗಿ ಕೂತಿದೆಯಾ ಎಂದು ಎರಡು ಸಲ ನೋಡಿ. ಮೊದಲ ಸಲ ನನ್ನದು ಸ್ವಲ್ಪ ಓರೆಯಾಗಿತ್ತು. ಒಳಗೆ ನೀರು ಇಳಿದು ಇಡೀ ಮನೆಯ ಕರೆಂಟ್ ಟ್ರಿಪ್ ಆಯಿತು. ಕರೆಂಟ್ ಸೋರಿದರೆ ಟ್ರಿಪ್ ಆಗುವ ಸ್ವಿಚ್ (ಆರ್‌ಸಿಸಿಬಿ) ಮನೆಯಲ್ಲಿ ಇದ್ದದ್ದು ನಮ್ಮ ಪುಣ್ಯ, ಇಲ್ಲದವರು ಮೊದಲು ಅದನ್ನು ಹಾಕಿಸಿ. ಡಬ್ಬಿ ಬಿಚ್ಚುವ ಮುಂಚೆ ಪ್ಲಗ್ ಕೀಳಬೇಕು. ಉರಿಯುವ ದೀಪವನ್ನು ಬರಿಗಣ್ಣಲ್ಲಿ ನೋಡಲೇಬಾರದು, ಕಣ್ಣಿಗೆ ಪೆಟ್ಟು. ಈಗ ಆರು ವಾರಕ್ಕೊಮ್ಮೆ ಭಾನುವಾರ ಬಿಚ್ಚಿ ತೊಳೆಯುತ್ತೇನೆ, ಮುಕ್ಕಾಲು ಗಂಟೆಯ ಕೆಲಸ. ಕಾವೇರಿ ನೀರಷ್ಟೇ ಬಳಸುವ ನಮ್ಮ ತಂಗಿ ಮನೆಯಲ್ಲಿ ಆರು ತಿಂಗಳಾದರೂ ಪೊರೆ ಕಟ್ಟಿಲ್ಲ.

ಮೀನಿಗೆ ಔಷಧಿ ಹಾಕಿದ ದಿನಗಳಲ್ಲಿ ಯುವಿ ಆರಿಸಿಡಿ.

ಯುವಿ ಬಂದ ಮೇಲೆ ಬೇರೆ ಅಭ್ಯಾಸಗಳನ್ನೂ ಬದಲಿಸಿದೆ. ದೀಪ ಪಾಚಿಯನ್ನು ಕೊಲ್ಲುತ್ತದೆ, ಅದರ ಆಹಾರವನ್ನಲ್ಲ. ಲೈಟಿಗೆ ಟೈಮರ್ ಹಾಕಿ ದಿನಕ್ಕೆ ಆರು ಗಂಟೆಯಷ್ಟೇ ಉರಿಯುವ ಹಾಗೆ ಮಾಡಿದೆ. ಕಿಟಕಿಗೆ ಪರದೆ ಬಂತು, ಊಟ ದಿನಕ್ಕೊಮ್ಮೆ. ಎರಡು ಮನಿ ಪ್ಲಾಂಟ್ ಬಳ್ಳಿಗಳ ಬೇರು ನೀರಿನಲ್ಲಿ ಇಳಿಬಿಟ್ಟೆ, ಪಾಚಿಗೆ ಸಿಗುವ ನೈಟ್ರೇಟನ್ನು ಅವು ಹೀರಿಕೊಳ್ಳುತ್ತವೆ. ಈಗ ದಿನಕ್ಕೆ ನಾಲ್ಕು ಗಂಟೆ ಯುವಿ ಸಾಕಾಗುತ್ತಿದೆ.

ಟ್ಯಾಂಕ್ ಒಂದು ಕೋಣೆಯ ಮೂಲೆಯಲ್ಲಿದ್ದು, ಓಡಾಟ ಕಡಿಮೆ ಇದ್ದರೆ ದುಡ್ಡು ಖರ್ಚು ಮಾಡಬೇಡಿ, ಕಂಬಳಿಯೇ ಸಾಕು. ನಮ್ಮ ಹಾಗೆ ಮಕ್ಕಳಿರುವ, ಕಿಟಕಿ ಬಿಸಿಲಿನ, ನೀರಿಗೆ ತತ್ವಾರದ ಮನೆಯಾದರೆ ಯುವಿ ತನ್ನಿ. ಪರಿಚಯದವರಲ್ಲಿ ಇನ್ನೊಬ್ಬರ ಹತ್ತಿರ ಟ್ಯಾಂಕ್ ಇದ್ದರೆ ಇಬ್ಬರೂ ಸೇರಿ ಒಂದೇ ಕೊಳ್ಳಬಹುದು. ಕೆಳಗಿನ ಮನೆಯವರಿಗೆ ನಮ್ಮದನ್ನೇ ಒಂದು ವಾರ ಕೊಟ್ಟಿದ್ದೆ, ಅವರ ನೀರೂ ತಿಳಿಯಾಯಿತು. ಒಂದು ಟ್ಯಾಂಕಿನ ಕಾಯಿಲೆ ಇನ್ನೊಂದಕ್ಕೆ ಹೋಗದ ಹಾಗೆ ವಾಪಸ್ ಬಂದದ್ದನ್ನು ತೊಳೆದು ಎರಡು ದಿನ ಚೆನ್ನಾಗಿ ಒಣಗಿಸಿ ಆಮೇಲೆ ಇಳಿಸಿದೆ.